ಎರಡು ನಟ್ಟಿನ ಕೆಲಸ: ವಾಸ್ಕೋದ ಒಂದು ಸೈಲೆನ್ಸರ್ ಪ್ರಕರಣ

ಗಾಡಿ 2018ರದ್ದು. 150 ಸಿಸಿ, ಒಂದೇ ಸಿಲಿಂಡರ್, ಗಾಳಿಗೆ ತಣಿಯುವ ಎಂಜಿನ್, ಕಾರ್ಬುರೇಟರ್ ಇರುವ ಬಿಎಸ್‌4 (ಸರಕಾರದ ಹೊಗೆ ನಿಯಮದ ನಾಲ್ಕನೇ ಹಂತ) ಮಾಡೆಲ್. ಮಾಲೀಕ ಗದಗ ಕಡೆಯ ಹುಡುಗ. ಗೋವಾದ ವಾಸ್ಕೋದಲ್ಲಿ, ಬೈನಾ ಬೀಚಿನ ಹತ್ತಿರ ಮನೆ. ಮುರಗಾಂವ್ ಬಂದರಿನಲ್ಲಿ ಪಾಳಿ ಕೆಲಸ. ಮನೆಯಿಂದ ಗೇಟಿಗೆ ಐದು ನಿಮಿಷದ ದಾರಿ, ಅಷ್ಟೇ. ನಾನು ಇಲ್ಲೇ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಬೈಕ್ ಮೆಕ್ಯಾನಿಕ್ ಅಲ್ಲ. ಆದರೆ ಉಪ್ಪು ಗಾಳಿಗೆ ಕಚ್ಚಿಕೊಂಡ ನಟ್ ಬಿಚ್ಚುವುದು ನನ್ನ ದಿನನಿತ್ಯದ ಕೆಲಸ. ಈ ಪ್ರಕರಣದಲ್ಲಿ ಉಪಯೋಗಕ್ಕೆ ಬಂದದ್ದೂ ಅದೇ.

ಹುಡುಗನ ದೂರು ಹೀಗಿತ್ತು: "ಕಾಕಾ, ಗಾಡಿ ಸೌಂಡ್ ಭಾಳ ಆಗೈತ್ರಿ. ಆಕ್ಸಿಲರೇಟರ್ ಬಿಟ್ಟ ಕೂಡ್ಲೆ ಪಟಾಪಟಾ ಅಂತೈತಿ. ಹಿಂದ ಕುಂತವರ ಕಾಲಿಗೆ ಬಿಸಿ ಗಾಳಿ ಹೊಡಿತೈತಿ." ಮೈಲೇಜ್ ಸ್ವಲ್ಪ ಇಳಿದಿದೆ ಅಂತಲೂ ಹೇಳಿದ. ಅದನ್ನು ನಾನು ಜಾಸ್ತಿ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮೈಲೇಜ್ ಇಳಿದಿಲ್ಲ ಅನ್ನುವ ಬೈಕ್ ಮಾಲೀಕರನ್ನು ನಾನಂತೂ ನೋಡಿಲ್ಲ.

ಅವನು ಆಗಲೇ ಒಂದು ಗ್ಯಾರೇಜಿನಲ್ಲಿ ಕೇಳಿಕೊಂಡು ಬಂದಿದ್ದ. ಅಲ್ಲಿ ಮೂರು ದಾರಿ ಹೇಳಿದ್ದರು. ತೂತಿಗೆ ಪಟ್ಟಿ ಇಟ್ಟು ವೆಲ್ಡಿಂಗ್ ಮಾಡಿಸುವುದು. ಇಲ್ಲಾ, ಹೊರಗಿನ ಮೋಟು ಸೈಲೆನ್ಸರ್ ಹಾಕಿಸುವುದು, ಅದು ಎರಡು ಸಾವಿರದೊಳಗೆ. ಇಲ್ಲಾ, ಕಂಪನಿ ಸೈಲೆನ್ಸರ್, ಅದು ಏಳು ಸಾವಿರದ ಮೇಲೆ. ಹುಡುಗನ ಮನಸ್ಸು ಮೋಟು ಸೈಲೆನ್ಸರ್ ಕಡೆ ಇತ್ತು. ಕಡಿಮೆ ದುಡ್ಡು ಒಂದು ಕಾರಣ, ಸೌಂಡ್ ಇನ್ನೊಂದು ಕಾರಣ. ಎರಡನೆಯದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ.

ಯಾವುದನ್ನು ತರಬೇಕು ಅನ್ನುವ ಮೊದಲು ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗಬೇಕು, ಅಲ್ವಾ? ಬೈಕಿನಲ್ಲಿ ಹೊಗೆ ಸೋರಲು ಮುಖ್ಯವಾಗಿ ಮೂರು ಜಾಗ. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೆ ಬೆಂಡ್ ಪೈಪನ್ನು ಹಿಡಿಸುವ ಚಪ್ಪಟೆ ಪಟ್ಟಿ, ಅಂದರೆ ಫ್ಲ್ಯಾಂಜ್; ಪೈಪು ಹಿಂದಿನ ದಪ್ಪ ಡಬ್ಬಿಗೆ ಸೇರುವ ಜಾಗ; ಮತ್ತೆ ಡಬ್ಬಿಯ ಹೊಟ್ಟೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೀಲುಗಳಿಗೆ ಸೋಪಿನ ನೀರು ಹಚ್ಚಿ ಸ್ಟಾರ್ಟ್ ಮಾಡಿದೆವು. ದಪ್ಪ ಒದ್ದೆ ಬಟ್ಟೆ ಮಡಚಿ ಸೈಲೆನ್ಸರಿನ ಬಾಯಿಗೆ ಒಂದು ಕ್ಷಣ ಅಡ್ಡ ಹಿಡಿದೆ. ಸೋರಿಕೆ ಇಲ್ಲದಿದ್ದರೆ ಎಂಜಿನ್ ಉಸಿರುಕಟ್ಟಿ ನಿಲ್ಲಲು ಬರಬೇಕು. ಇಲ್ಲಿ ಅದಕ್ಕೆ ಏನೂ ಅನ್ನಿಸಲೇ ಇಲ್ಲ. ಡಬ್ಬಿಯ ಅಡಿಯಿಂದ ಬುಸ್ ಅಂತ ಗಾಳಿ ಬಂತು. ಮುಂದೆ ಫ್ಲ್ಯಾಂಜ್ ಹತ್ತಿರ ಸೋಪಿನ ಗುಳ್ಳೆ ಎದ್ದವು. ಅಲ್ಲೇ ಹೆಡ್ಡಿನ ಕೊನೆಯ ಫಿನ್ (ಗಾಳಿಗೆ ತಣಿಯಲು ಇರುವ ತೆಳು ಏಣು) ಮೇಲೆ ಕಪ್ಪು ಮಸಿಯ ಗೆರೆ ಇತ್ತು. ಮಸಿ ಗೆರೆ ಇದ್ದರೆ ಪೈಪಿಗೂ ಹೆಡ್ಡಿಗೂ ನಡುವಿನ ಸಂದು ಮುಚ್ಚುವ ರಿಂಗ್, ಅಂದರೆ ಗ್ಯಾಸ್ಕೆಟ್, ಹೋಗಿ ಬಹಳ ದಿನ ಆಗಿದೆ ಅಂತ ಅರ್ಥ.

ಅಂದರೆ ರೋಗ ಎರಡು. ಜೋರು ಸೌಂಡಿಗೂ ಕಾಲಿಗೆ ಹೊಡೆಯುವ ಬಿಸಿಗೂ ಅಡಿಯ ತೂತು ಕಾರಣ. ಪಟಪಟ ಶಬ್ದದ ಗುಮಾನಿ ಮುಂದಿನ ಗ್ಯಾಸ್ಕೆಟ್ ಮೇಲೆ. ಆಕ್ಸಿಲರೇಟರ್ ಬಿಟ್ಟಾಗ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುವುದಿಲ್ಲ, ಸ್ವಲ್ಪ ಹಾಗೇ ಪೈಪಿಗೆ ಬರುತ್ತದೆ. ಹೊಗೆ ಬಿಟ್ಟು ಬಿಟ್ಟು ಬರುವುದರಿಂದ ನಡುನಡುವೆ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಆಗ ಸಡಿಲ ಗ್ಯಾಸ್ಕೆಟ್ ಸಂದಿನಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಬಿಸಿ ಪೈಪು, ಉರಿಯದ ಪೆಟ್ರೋಲ್, ಹೊಸ ಗಾಳಿ ಮೂರೂ ಸೇರಿದರೆ ಅಲ್ಲೇ ಸಣ್ಣ ಪಟಾಕಿ. ಬರೀ ಡಬ್ಬಿ ಬದಲಿಸಿ ಗ್ಯಾಸ್ಕೆಟ್ ಬಿಟ್ಟರೆ ಇದು ಹೋಗುವುದಿಲ್ಲ.

ಇನ್ನು ಡಬ್ಬಿಯ ಹೊಟ್ಟೆ. ಸ್ಕ್ರೂಡ್ರೈವರ್ ತುದಿಯಿಂದ ಸುಮ್ನೆ ಒತ್ತಿದೆ. ಪಾಪಡ್ ಮುರಿದ ಹಾಗೆ ಒಳಗೆ ಹೋಯಿತು. ಸುತ್ತ ಎಲ್ಲಿ ಒತ್ತಿದರೂ ತಗಡು ಕುಸಿಯುತ್ತಿತ್ತು. ವೆಲ್ಡಿಂಗ್ ದಾರಿ ಅಲ್ಲಿಗೇ ಮುಗಿಯಿತು. ವೆಲ್ಡಿಂಗ್ ಹಿಡಿಯಲು ಸುತ್ತ ಗಟ್ಟಿ ತಗಡು ಬೇಕು. ಕಾಗದದಷ್ಟು ತೆಳುವಾದದ್ದರ ಮೇಲೆ ಕಿಡಿ ಬಿದ್ದರೆ ತೂತು ದೊಡ್ಡದಾಗುತ್ತದೆ, ಮುಚ್ಚುವುದಿಲ್ಲ.

"ಸಮುದ್ರದ ಗಾಳಿಗೆ ಹೋತು ಬಿಡ್ರಿ" ಅಂದ ಹುಡುಗ. ಅರ್ಧ ನಿಜ. ಆದರೆ ಈ ಡಬ್ಬಿ ಹೊರಗಿನಿಂದ ಅಷ್ಟೇನೂ ಕೆಟ್ಟಿರಲಿಲ್ಲ. ಮೇಲ್ಭಾಗದ ಕಪ್ಪು ಬಣ್ಣ ಹಾಗೇ ಇತ್ತು. ಆಮೇಲೆ ಹಳೆಯದನ್ನು ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿ ನೋಡಿದೆವು. ಒಳಗೆ ತಡೆ ತಗಡುಗಳ ಮೇಲರ್ಧ ಗಟ್ಟಿ. ಕೆಳಗಿನರ್ಧ ಪದರ ಪದರವಾಗಿ ಎದ್ದು ಬಂದಿತ್ತು. ಹೊಟ್ಟೆಯೊಳಗಿಂದ ಒಂದು ಬೊಗಸೆ ತುಕ್ಕಿನ ಚೂರು ಉದುರಿತು. ಅದು ಒಣ ಪುಡಿ ಅಲ್ಲ, ಹಸಿ ಹಸಿ. ತುಕ್ಕು ಒಳಗಿನಿಂದ ಹೊರಗೆ ಬಂದದ್ದು, ಹೊರಗಿನಿಂದ ಒಳಗೆ ಹೋದದ್ದಲ್ಲ.

ನೀರು ಒಳಗೆ ಎಲ್ಲಿಂದ ಬಂತು? ಪೆಟ್ರೋಲಿನಿಂದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಕ್ಸಿಜನ್ ಜೊತೆ ಸೇರಿದರೆ ಆಗುವುದೇ ಅದು. ದೂರ ಓಡುವ ಗಾಡಿಯಲ್ಲಿ ಇಡೀ ಸೈಲೆನ್ಸರ್ ಕಾದಿರುತ್ತದೆ. ನೀರು ಆವಿಯಾಗಿಯೇ ಹೊರಗೆ ಹೋಗುತ್ತದೆ, ನಮಗೆ ಕಾಣುವುದೂ ಇಲ್ಲ. ಐದು ನಿಮಿಷ ಓಡಿ ನಿಲ್ಲುವ ಗಾಡಿಯಲ್ಲಿ ಮುಂದಿನ ಪೈಪು ಕಾಯುತ್ತದೆ, ಹಿಂದಿನ ಡಬ್ಬಿ ಕಾಯುವುದಿಲ್ಲ. ಆವಿ ಅಲ್ಲೇ ನೀರಾಗಿ ಹೊಟ್ಟೆಯಲ್ಲಿ ನಿಲ್ಲುತ್ತದೆ. ಹೊಗೆಯಲ್ಲಿರುವ ಆಮ್ಲದ ಅಂಶ ಅದರಲ್ಲಿ ಕರಗುತ್ತದೆ. ಪಾಳಿಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ವರ್ಷಗಟ್ಟಲೆ. ಬಂದ ಕೂಡಲೇ ಬಿಸಿ ಗಾಡಿಗೆ ಪ್ಲಾಸ್ಟಿಕ್ ಹೊದಿಕೆ ಬೇರೆ. ಮಳೆಯಿಂದ ಕಾಪಾಡಲು ಅಂತ ಹೊದಿಸಿದ್ದು ತೇವವನ್ನು ಒಳಗೇ ಹಿಡಿದಿಟ್ಟಿತು. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅಂಥ ಕಡೆ ಈ ಹೊದಿಕೆಯ ಮೇಲೆ ಎಲ್ಲರಿಗೂ ಅತಿ ನಂಬಿಕೆ.

ಬಹಳಷ್ಟು ಸೈಲೆನ್ಸರ್‌ಗಳ ಅಡಿಯಲ್ಲಿ ಈ ನೀರು ಇಳಿಯಲು ಒಂದು ಸಣ್ಣ ತೂತು ಇರುತ್ತದೆ, ಎರಡು ಮೂರು ಮಿಲಿಮೀಟರಿನದು. ಈ ಗಾಡಿಯದು ಕೆಸರು ಮೆತ್ತಿ ಮುಚ್ಚಿಹೋಗಿತ್ತು. ಕೆಲವರು ಅದನ್ನು ಸೋರಿಕೆ ಅಂದುಕೊಂಡು ಎಂ-ಸೀಲ್ ಹಚ್ಚಿ ಮುಚ್ಚುವುದನ್ನೂ ನೋಡಿದ್ದೇನೆ. ಆ ತೂತಿನಿಂದ ಬೆಳಿಗ್ಗೆ ಎರಡು ಹನಿ ಕಪ್ಪು ನೀರು ಬಿದ್ದರೆ ಗಾಬರಿ ಬೇಡ. ಅದು ಆಗಬೇಕಾದದ್ದೇ.

ಈಗ ಯಾವ ಸೈಲೆನ್ಸರ್ ಅನ್ನುವ ವಿಷಯ. ಮೋಟು ಸೈಲೆನ್ಸರ್ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳಿದೆ. ಕಾರಣ ಮೂರು. ಕಾನೂನು ಮೊದಲು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಸದ್ದು ಮತ್ತು ಹೊಗೆಯ ನಿಯಮ ಮೀರಿದರೆ 190ರ ಎರಡನೇ ಉಪಸೆಕ್ಷನ್ ಇದೆ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೇ ಹತ್ತು ಸಾವಿರದವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಇಲ್ಲ. ಬಂದರಿನ ಗೇಟ್ ಮುಂದೆ ದಿನಾ ಹಾಯುವವನಿಗೆ ಐದು ಸಾವಿರ ಉಳಿಸಿ ಇದನ್ನು ಕಟ್ಟಿಕೊಳ್ಳುವುದು ಯಾವ ಲೆಕ್ಕ?

ಎರಡನೆಯದು ಎಂಜಿನ್. ಈ ಗಾಡಿಯಲ್ಲಿ ಕಾರ್ಬುರೇಟರ್ ಇದೆ. ಅದರ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಅಳತೆ ಕಂಪನಿ ಸೈಲೆನ್ಸರಿಗೆ ಹೊಂದಿಸಿದ್ದು. ಹೊಗೆ ಸಲೀಸಾಗಿ ಹೋಗುವ ಡಬ್ಬಿ ಹಾಕಿದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗುತ್ತದೆ. ಎಂಜಿನ್ ಬಿಸಿ ಓಡುತ್ತದೆ, ಪಟಪಟ ಇನ್ನೂ ಜಾಸ್ತಿ ಆಗುತ್ತದೆ. ಮೂರನೆಯದು, ಬಿಎಸ್‌4 ಗಾಡಿಯ ಸೈಲೆನ್ಸರಿನೊಳಗೆ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಜೇನುಗೂಡಿನಂಥ ತೂತುಗಳ ಉಂಡೆ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ವಿಷದ ಹೊಗೆಯನ್ನು ತಕ್ಕಮಟ್ಟಿಗೆ ಸುಡುವುದು ಅದೇ. ಕಂಪನಿ ಸೈಲೆನ್ಸರ್ ಅಷ್ಟು ದುಬಾರಿ ಆಗುವುದೂ ಅದರಿಂದಲೇ. ಅಗ್ಗದ ಡಬ್ಬಿಯಲ್ಲಿ ಅದು ಇರುವುದಿಲ್ಲ. ಪಿಯುಸಿ ಮಾಡಿಸಲು ಹೋದಾಗ ಗೊತ್ತಾಗುತ್ತದೆ.

ಹುಡುಗ ಒಪ್ಪಿದ. ಸ್ವಲ್ಪ ಮುಖ ಸಪ್ಪಗೆ ಮಾಡಿಕೊಂಡೇ.

ಖರೀದಿಯಲ್ಲಿ ಒಂದು ಎಚ್ಚರ. ಒಂದೇ ಹೆಸರಿನ ಬೈಕಿಗೆ ಬಿಎಸ್‌3, ಬಿಎಸ್‌4, ಬಿಎಸ್‌6 ಅಂತ ಬೇರೆ ಬೇರೆ ಸೈಲೆನ್ಸರ್ ಇರುತ್ತವೆ. ನೋಡಲು ಅವಳಿ ಜವಳಿ. ಚಾಸಿ ನಂಬರ್ ಹೇಳಿ ಪಾರ್ಟ್ ನಂಬರ್ ತೆಗೆಸಿಯೇ ತರಬೇಕು. ಜೊತೆಗೆ ಹೊಸ ಗ್ಯಾಸ್ಕೆಟ್ ರಿಂಗ್, ಎರಡು ಸ್ಟಡ್ (ಎರಡೂ ತುದಿಗೆ ಥ್ರೆಡ್ ಇರುವ ಸ್ಟೀಲ್ ಕಡ್ಡಿ), ಎರಡು ನಟ್, ಹಿಂದಿನ ಬೋಲ್ಟಿನ ರಬ್ಬರ್ ಬುಷ್ ತರಿಸಿದೆ. ಅಂಗಡಿಯವನು "ಸ್ಟಡ್ ಯಾಕೆ, ಹಳೇದು ಇರುತ್ತಲ್ಲ" ಅಂದನಂತೆ. ಇಡೀ ಪ್ರಕರಣ ನಿಂತಿದ್ದೇ ಆ ಸ್ಟಡ್ ಮೇಲೆ.

ಅದು ಹೇಗೆ ಅಂತ ಹೇಳುತ್ತೇನೆ. ಸೈಲೆನ್ಸರ್ ಅಂದರೆ ಗಾಡಿಗೆ ಮೂರು ಕಡೆ ಹಿಡಿದ ಒಂದು ಕೊಳವೆ. ಹಿಂದಿನ ಬೋಲ್ಟ್ ದಪ್ಪ, ಅದು ಬಂದೇ ಬರುತ್ತದೆ. ಮುಂದೆ ಎರಡು ಸ್ಟಡ್, ಎಂ6 ಅಳತೆಯವು, ಅಂದರೆ ಆರು ಮಿಲಿಮೀಟರ್ ದಪ್ಪ, ಅಷ್ಟೇ. ಅವು ಕೂತಿರುವುದು ಅಲ್ಯೂಮಿನಿಯಂ ಹೆಡ್ಡಿನಲ್ಲಿ. ವರ್ಷಗಟ್ಟಲೆ ಕಾದು ತಣಿದು, ಮುಂದಿನ ಚಕ್ರ ಎರಚಿದ ಉಪ್ಪು ನೀರು ಕುಡಿದು, ನಟ್ಟೂ ಸ್ಟಡ್ಡೂ ಒಂದೇ ಆಗಿರುತ್ತವೆ. ಜೋರು ಮಾಡಿ ತಿರುಗಿಸಿದರೆ ಸ್ಟಡ್ ಕಟ್. ಅದೂ ಹೆಡ್ಡಿನ ಮಟ್ಟಕ್ಕೇ ಕಟ್ ಆಗುತ್ತದೆ. ಆಮೇಲೆ ಗಟ್ಟಿ ಸ್ಟೀಲಿನ ಚೂರನ್ನು ಡ್ರಿಲ್ ಮಾಡಬೇಕು. ಡ್ರಿಲ್ ಬಿಟ್ ಗಟ್ಟಿ ಸ್ಟೀಲ್ ಬಿಟ್ಟು ಪಕ್ಕದ ಮೆತ್ತಗಿನ ಅಲ್ಯೂಮಿನಿಯಂ ಕಡೆ ಜಾರುತ್ತದೆ. ಹೆಡ್ ಹಾಳಾದರೆ ಖರ್ಚು ಸೈಲೆನ್ಸರನ್ನೂ ಮೀರಬಹುದು. ಹಾಗಾಗಿ ಮನೆಯಲ್ಲಿ ಸೈಲೆನ್ಸರ್ ಬದಲಿಸುವುದು ಅಂದರೆ ನನ್ನ ಲೆಕ್ಕದಲ್ಲಿ ಎರಡು ನಟ್ ಬಿಚ್ಚುವುದು. ಉಳಿದದ್ದೆಲ್ಲ ಎತ್ತಿಡುವ ಕೆಲಸ.

ಹಿಂದಿನ ರಾತ್ರಿಯೇ ತಂತಿ ಬ್ರಷ್‌ನಿಂದ ಸ್ಟಡ್ ತುದಿಯ ತುಕ್ಕು ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಲು ಹುಡುಗನಿಗೆ ಹೇಳಿದ್ದೆ. ಎಂಜಿನ್ ತಣ್ಣಗಿರುವಾಗಲೇ ಹೊಡೆಯಬೇಕು. ಕಾದ ಪೈಪಿನ ಮೇಲೆ ಬಿದ್ದರೆ ಹೊಗೆ ಏಳುತ್ತದೆ, ಬೆಂಕಿಯೂ ಹತ್ತಬಹುದು. ಬೆಳಿಗ್ಗೆ ಇನ್ನೊಂದು ಸಲ ಹೊಡೆದು, ಸ್ಟಡ್ ತಲೆಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿದೆ. ಎಣ್ಣೆ ಒಳಗೆ ಇಳಿಯಲು ಈ ಕುಟ್ಟುವಿಕೆ ಬೇಕು.

ಗಾಡಿಯನ್ನು ಅಂಗಳದಲ್ಲಿ ದೊಡ್ಡ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆವು. ಸೈಲೆನ್ಸರಿನ ಕೆಳಗೆ ಒಂದು ಸ್ಟೂಲ್, ಅದರ ಮೇಲೆ ಮಡಚಿದ ಗೋಣಿಚೀಲ. ಹಿಂದಿನ ಬೋಲ್ಟ್ ಬಿಚ್ಚಿದಾಗ ಇಡೀ ಭಾರ ಮುಂದಿನ ಎರಡು ಸ್ಟಡ್ ಮೇಲೆ ಬೀಳಬಾರದು, ಅದಕ್ಕೆ. ಮೊದಲು ಮುಂದಿನ ನಟ್‌ಗಳು, ಆಮೇಲೆ ಹಿಂದಿನ ಬೋಲ್ಟ್. ನಟ್ಟಿಗೆ 10ನೇ ನಂಬರಿನ ಆರು ಮೂಲೆಯ ಸಾಕೆಟ್ಟೇ ಬೇಕು. ಬಾಯಿ ತೆರೆದ ಪಾನಾ ಹಾಕಿದರೆ, ತುಕ್ಕು ತಿಂದು ಸಣ್ಣಗಾದ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ.

ಬಲಗಡೆ ನಟ್. ನೇರ ಬಿಚ್ಚಲು ಹೋಗಲಿಲ್ಲ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಲು ನೋಡಿದೆ. ಟಕ್ ಅಂತ ಸಣ್ಣ ಸದ್ದು ಬಂತು. ತುಕ್ಕಿನ ಹಿಡಿತ ಒಡೆಯಿತು. ಆಮೇಲೆ ಕಾಲು ಸುತ್ತು ಬಿಚ್ಚುವುದು, ಅರ್ಧದಷ್ಟು ವಾಪಸ್, ಮತ್ತೆ ಎಣ್ಣೆ. ಹೀಗೆ ಮಾಡುತ್ತಾ ಹೋದಾಗ ನಟ್ ಬರಲಿಲ್ಲ, ಸ್ಟಡ್ಡೇ ನಟ್ಟಿನ ಸಮೇತ ಹೆಡ್ಡಿನಿಂದ ತಿರುಗಿ ಬಂತು. ಹುಡುಗ ಗಾಬರಿಯಾದ. ನಾನು ಖುಷಿಯಾದೆ. ಇದಕ್ಕಿಂತ ಒಳ್ಳೆಯದು ಇಲ್ಲ. ತೂತಿನ ಥ್ರೆಡ್ ಚೆನ್ನಾಗಿತ್ತು, ಹೊಸ ಸ್ಟಡ್ ಕೂರಿಸಿದರೆ ಆಯಿತು.

ಎಡಗಡೆಯದು ಹಟ ಹಿಡಿಯಿತು. ಬಿಗಿ ಕಡೆಗೂ ಇಲ್ಲ, ಸಡಿಲದ ಕಡೆಗೂ ಇಲ್ಲ. ಸಾಕೆಟ್ ಹಿಡಿಯ ಮೇಲೆ ಕೈಗೆ ಒಂಥರಾ ಸ್ಪ್ರಿಂಗ್ ಹಿಡಿದ ಹಾಗೆ ಅನ್ನಿಸುತ್ತಿತ್ತು. ತಿರುಗಿಸಿದಷ್ಟು ತಿರುಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಅದು ನಟ್ ತಿರುಗುವುದಲ್ಲ, ಸ್ಟಡ್ ತಿರುಚಿಕೊಳ್ಳುವುದು. ಅಲ್ಲಿಗೇ ಕೈ ನಿಲ್ಲಿಸಬೇಕು. ಇನ್ನೊಂದು ದಮ್ ಹಾಕಿದರೆ ಕಟ್ ಆಗುವುದು ಗ್ಯಾರಂಟಿ.

ಗ್ಯಾಸ್ ಬೆಂಕಿಯಿಂದ ಕಾಯಿಸಬಹುದಿತ್ತು, ಗ್ಯಾರೇಜಿನಲ್ಲಿ ಹಾಗೇ ಮಾಡುತ್ತಾರೆ. ಮನೆಯಂಗಳದಲ್ಲಿ, ಪೆಟ್ರೋಲ್ ಟ್ಯಾಂಕಿನ ಕೆಳಗೆ, ಸ್ಪ್ರೇ ಹೊಡೆದ ಜಾಗದಲ್ಲಿ ನಾನು ಬೆಂಕಿ ಹಚ್ಚುವುದಿಲ್ಲ. ಬದಲಿಗೆ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿದು, ನಟ್ಟಿನ ಒಂದು ಮಗ್ಗುಲನ್ನು ಸ್ಟಡ್ಡಿನ ಉದ್ದಕ್ಕೆ ಸಮಾನಾಂತರವಾಗಿ, ಥ್ರೆಡ್ ಮುಟ್ಟುವ ಸ್ವಲ್ಪ ಮೊದಲಿನವರೆಗೆ ಕೊಯ್ದೆ. ಆ ಸೀಳಿಗೆ ಚಾಣ ಇಟ್ಟು ಒಂದು ಪೆಟ್ಟು. ನಟ್ ಬಿರುಕು ಬಿಟ್ಟು ಅಗಲವಾಯಿತು, ಬೆರಳಿಂದಲೇ ಬಂತು. ನಟ್ಟಿಗೆ ಹತ್ತು ರೂಪಾಯಿ, ಹೋದರೆ ಹೋಗಲಿ. ಸ್ಟಡ್ಡೂ ಹೆಡ್ಡೂ ಉಳಿಯಬೇಕು. ಆ ಸ್ಟಡ್ಡನ್ನು ಹೆಡ್ಡಿನಿಂದ ಬಿಚ್ಚುವ ಸಾಹಸಕ್ಕೆ ಹೋಗಲಿಲ್ಲ. ಎಂ6 ಡೈ (ಥ್ರೆಡ್ ಕೊರೆಯುವ ಬಳೆ) ಹಾಕಿ ಥ್ರೆಡ್ ಸ್ವಚ್ಛ ಮಾಡಿದೆ, ಅಷ್ಟು ಸಾಕಿತ್ತು.

ಪೈಪ್ ಇಳಿಸಿದ ಮೇಲೆ ಹೆಡ್ಡಿನ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಹಳೇ ಗ್ಯಾಸ್ಕೆಟ್ ರಿಂಗ್ ಅಲ್ಲೇ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಮಸಿ ಬಣ್ಣಕ್ಕೆ ತಿರುಗಿರುವುದರಿಂದ ಹೆಡ್ಡಿನದೇ ಭಾಗ ಅನ್ನಿಸುತ್ತದೆ. ಎಷ್ಟೋ ಜನ ಅದರ ಮೇಲೇ ಹೊಸದು ಇಡುತ್ತಾರೆ, ಮರುದಿನದಿಂದಲೇ ಮತ್ತೆ ಸೋರುತ್ತದೆ. ಸಣ್ಣ ಸ್ಕ್ರೂಡ್ರೈವರ್ ತುದಿಯನ್ನು ಅಂಚಿಗೆ ಹಾಕಿ ಮೀಟಿ ತೆಗೆದೆ, ಅಲ್ಯೂಮಿನಿಯಂಗೆ ಗೀರು ಬೀಳದ ಹಾಗೆ. ಹೊಸ ರಿಂಗಿಗೆ ಚಿಟಿಕೆ ಗ್ರೀಸ್ ಹಚ್ಚಿ ಕೂರಿಸಿದರೆ ಪೈಪ್ ಎತ್ತುವಾಗ ಕೆಳಗೆ ಬೀಳುವುದಿಲ್ಲ.

ಹೊಸ ಸ್ಟಡ್ ಹಾಕಲು ಎರಡು ನಟ್‌ಗಳನ್ನು ಅದರ ಮೇಲೆ ಒಂದಕ್ಕೊಂದು ಬಿಗಿದು, ಮೇಲಿನ ನಟ್ ಹಿಡಿದು ತಿರುಗಿಸಿದರೆ ಸಾಕು. ಸ್ಟಡ್‌ಗಳಿಗೆ ತಾಮ್ರದ ಪುಡಿ ಇರುವ ಗ್ರೀಸ್ ಹಚ್ಚಿದೆ. ಮುಂದಿನ ಸಲ ಬಿಚ್ಚುವವನಿಗೆ ಹ್ಯಾಕ್ಸಾ ಬೇಕಾಗಬಾರದು. ನಟ್ ಹಿತ್ತಾಳೆಯವು ಸಿಕ್ಕಿದರೆ ಇನ್ನೂ ಒಳ್ಳೆಯದು, ಸ್ಟೀಲ್ ಸ್ಟಡ್ ಮೇಲೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ. ತಲೆ ಮುಚ್ಚಿದ ಟೋಪಿ ನಟ್ ಬೇಡ ಅಂದೆ. ಸ್ಟಡ್ ಉದ್ದ ಸ್ವಲ್ಪ ಜಾಸ್ತಿ ಇದ್ದರೆ ಅದರ ತುದಿ ಟೋಪಿಯೊಳಗೆ ತಾಗಿ ನಿಲ್ಲುತ್ತದೆ. ಬಿಗಿಯಾಯಿತು ಅಂತ ಕೈಗೆ ಅನ್ನಿಸುತ್ತದೆ, ಫ್ಲ್ಯಾಂಜ್ ಮಾತ್ರ ಸಡಿಲವೇ ಇರುತ್ತದೆ.

ಜೋಡಿಸುವಾಗ ಎಲ್ಲವನ್ನೂ ಮೊದಲು ಕೈಯಿಂದ ಮಾತ್ರ ಹಾಕಬೇಕು. ಮುಂದಿನ ಎರಡು ನಟ್, ಹಿಂದಿನ ಬೋಲ್ಟ್, ಎಲ್ಲವೂ ಸಡಿಲ. ಪೈಪ್ ತನ್ನ ಜಾಗಕ್ಕೆ ತಾನೇ ಕೂರಲಿ. ಆಮೇಲೆ ಮುಂದಿನ ನಟ್‌ಗಳನ್ನು ಅರ್ಧರ್ಧ ಸುತ್ತು, ಒಮ್ಮೆ ಎಡ ಒಮ್ಮೆ ಬಲ, ಫ್ಲ್ಯಾಂಜ್ ಸಮವಾಗಿ ಇಳಿಯುವ ಹಾಗೆ. ಹಿಂದಿನ ಬೋಲ್ಟ್ ಕೊನೆಗೆ. ಹಿಂದಿನದನ್ನು ಮೊದಲು ಬಿಗಿದರೆ ಪೈಪ್ ಎಳೆತದಲ್ಲೇ ಉಳಿಯುತ್ತದೆ, ಕೆಲವು ತಿಂಗಳಿಗೆ ಬ್ರಾಕೆಟ್ಟೋ ಸ್ಟಡ್ಡೋ ಬಿರುಕು ಬಿಡುತ್ತದೆ. ಎಂ6 ಸ್ಟಡ್ಡಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿ ಸಾಕು. ಟಾರ್ಕ್ ವ್ರೆಂಚ್ ಇಲ್ಲದವರು ಪಾನಾದ ಹಿಡಿಯನ್ನು ತುದಿಗೆ ಹಿಡಿಯದೆ ನಟ್ಟಿನ ಹತ್ತಿರ ಹಿಡಿಯಲಿ. ಗಂಡಸುತನ ತೋರಿಸುವ ಜಾಗ ಇದಲ್ಲ.

ಸ್ಟಾರ್ಟ್ ಮಾಡುವ ಮೊದಲು ಹೊಸ ಪೈಪನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಟ್ಟೆವು. ಬೆರಳಿನ ಎಣ್ಣೆ ಉಳಿದರೆ ಕ್ರೋಮ್ ಮೇಲೆ ಸುಟ್ಟು ಕಲೆಯಾಗಿ ಕೂರುತ್ತದೆ. ಸ್ಟಾರ್ಟ್ ಆದಾಗ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂತು. ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ್ದ ಎಣ್ಣೆ ಮತ್ತು ನಮ್ಮ ಗ್ರೀಸ್ ಸುಡುವುದು ಅದು. ಬಟ್ಟೆ ಅಡ್ಡ ಹಿಡಿದಾಗ ಈ ಸಲ ಎಂಜಿನ್ ಉಸಿರುಗಟ್ಟಿತು. ಸೋಪಿನ ನೀರಿಗೆ ಗುಳ್ಳೆ ಇಲ್ಲ. ಒಂದು ಸುತ್ತು ಓಡಿಸಿ, ಪೂರ್ತಿ ತಣಿದ ಮೇಲೆ ಮುಂದಿನ ನಟ್‌ಗಳಿಗೆ ಮತ್ತೆ ಪಾನಾ ಹಾಕಿದೆ. ಹೊಸ ಗ್ಯಾಸ್ಕೆಟ್ ಬಿಸಿಗೆ ಅಮರಿಕೊಂಡು ಸ್ವಲ್ಪ ಸಡಿಲ ಆಗಿಯೇ ಆಗುತ್ತದೆ.

ಸೌಂಡ್ ಹೋಯಿತು. ಕಾಲಿಗೆ ಬಿಸಿ ಇಲ್ಲ. ಆದರೆ ಪಟಪಟ ಪೂರ್ತಿ ಹೋಗಲಿಲ್ಲ. "ಇನ್ನೂ ಒಂದೊಂದ್ ಸಲ ಅಂತೈತ್ರಿ ಕಾಕಾ" ಅಂತ ಮರುದಿನ ಬಂದ.

ಇದಕ್ಕೆ ಹೊಸ ಸೈಲೆನ್ಸರನ್ನು ಬೈಯುವ ಮೊದಲು ನೋಡಬೇಕಾದ ಜಾಗ ಇನ್ನೊಂದಿದೆ. ಈ ಗಾಡಿಯಲ್ಲಿ ಏರ್ ಇಂಜೆಕ್ಷನ್ ವಾಲ್ವ್ ಇದೆ. ಉಳಿದ ಪೆಟ್ರೋಲ್ ಸುಡಲಿ ಅಂತ ಅದು ಬೇಕೆಂದೇ ಸ್ವಲ್ಪ ಗಾಳಿಯನ್ನು ಹೊಗೆಯ ದಾರಿಗೆ ಬಿಡುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಎಂಜಿನ್ ಎಳೆತದಿಂದ ಅದು ಮುಚ್ಚಿಕೊಳ್ಳಬೇಕು. ಆ ಎಳೆತ ತಲುಪುವುದು ಕಿರುಬೆರಳಿಗಿಂತ ಸಣ್ಣ ರಬ್ಬರ್ ಪೈಪಿನಲ್ಲಿ. ಅದನ್ನು ಬಿಚ್ಚಿ ಮಡಚಿ ನೋಡಿದೆ, ತುದಿಯಲ್ಲಿ ರಬ್ಬರ್ ಸೀಳಿತ್ತು. ವಾಲ್ವ್ ಮುಚ್ಚುತ್ತಿರಲಿಲ್ಲ, ಜೊತೆಗೆ ಆ ಸೀಳಿನಿಂದ ಎಂಜಿನ್ನಿಗೆ ಲೆಕ್ಕಕ್ಕಿಲ್ಲದ ಗಾಳಿಯೂ ಹೋಗುತ್ತಿತ್ತು. ಪೈಪ್ ಉದ್ದವಿತ್ತು, ಸೀಳಿದ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿದೆ. ಪಟಪಟ ನಿಂತಿತು. ಮೈಲೇಜ್ ದೂರಿನಲ್ಲೂ ಸ್ವಲ್ಪ ಹುರುಳಿತ್ತು ಅಂತ ಆಗ ಒಪ್ಪಿದೆ.

ಆಮೇಲೆ ಹುಡುಗ ಬದಲಿಸಿದ ಅಭ್ಯಾಸ ಜಾಸ್ತಿ ಏನಿಲ್ಲ. ಗಾಡಿ ತಣಿದ ಮೇಲೆ ಹೊದಿಕೆ ಹಾಕುತ್ತಾನೆ. ರಜೆಯ ದಿನ ವೆರ್ಣಾ ಕಡೆ ಒಂದು ಉದ್ದ ಸುತ್ತು ಹೊಡೆದು ಬರುತ್ತಾನೆ, ಡಬ್ಬಿಯ ಹೊಟ್ಟೆ ಪೂರ್ತಿ ಕಾದು ಒಣಗುವಷ್ಟು. ಅಡಿಯ ತೂತಿಗೆ ಆಗಾಗ ತಂತಿ ಹಾಕುತ್ತಾನೆ. ಒಂದು ಮಳೆಗಾಲ ಕಳೆದ ಮೇಲೆ ನೋಡಿದಾಗ ಹೊಟ್ಟೆ ಗಟ್ಟಿ ಇತ್ತು, ಕುಟ್ಟಿದರೆ ಠಣ್ ಅನ್ನುತ್ತಿತ್ತು. ಹಳೇ ಡಬ್ಬಿ ಗುಜರಿಗೆ ಹೋಯಿತು. ತೂಕದ ಲೆಕ್ಕಕ್ಕೆ ಕೊಡಬೇಡ, ಒಳಗೆ ಕನ್ವರ್ಟರ್ ಇದೆ ಅಂತ ಹೇಳಿಕೊಟ್ಟಿದ್ದೆ. ಚೌಕಾಸಿ ಮಾಡಿ ಬರೀ ಕಬ್ಬಿಣದ ರೇಟಿಗಿಂತ ಎಷ್ಟೋ ಜಾಸ್ತಿ ತಂದ.

ಬಿಎಸ್‌6 ಗಾಡಿಯವರಿಗೆ ಇದರಲ್ಲಿ ಒಂದು ವ್ಯತ್ಯಾಸ ಇದೆ. ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಹೊಗೆಯ ದಾರಿಯಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಸೆನ್ಸರ್ ಪೈಪಿಗೆ ಕೂತಿದ್ದರೆ, ಪೈಪ್ ಇಳಿಸುವ ಮೊದಲು ಅದರ ಕನೆಕ್ಟರ್ ಬಿಚ್ಚಲೇಬೇಕು, ಇಲ್ಲದಿದ್ದರೆ ವೈರ್ ಕಿತ್ತು ಬರುತ್ತದೆ. ಸೆನ್ಸರ್ ತುದಿಗೆ ಗ್ರೀಸ್, ಸ್ಪ್ರೇ ಏನೂ ತಾಗಬಾರದು. ಫ್ಲ್ಯಾಂಜಿನಲ್ಲಿ ಸೋರಿಕೆ ಉಳಿದರೆ ಅಲ್ಲಿ ಬರೀ ಪಟಪಟಕ್ಕೆ ಮುಗಿಯುವುದಿಲ್ಲ. ಒಳನುಗ್ಗಿದ ಗಾಳಿ ನೋಡಿ ಸೆನ್ಸರ್ ಪೆಟ್ರೋಲ್ ಕಡಿಮೆ ಇದೆ ಅಂದುಕೊಳ್ಳುತ್ತದೆ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಜಾಸ್ತಿ ಪೆಟ್ರೋಲ್ ಸುರಿಯುತ್ತದೆ, ಮೀಟರಿನಲ್ಲಿ ಹಳದಿ ದೀಪವೂ ಹತ್ತಬಹುದು. ಗಾಡಿ ಯಾವುದೇ ಇರಲಿ, ಸ್ಟಡ್ ಆಗಲೇ ಕಟ್ ಆಗಿದ್ದರೆ ಮನೆಯಲ್ಲಿ ಡ್ರಿಲ್ ಹಿಡಿಯಬೇಡಿ. ಮಷೀನ್ ಶಾಪಿಗೆ ಒಯ್ಯಿರಿ.